ಮಾರ್ಫಿನ್ ಕೊಡದೆ ಮಗುವಿಗೆ ಆಪರೇಷನ್, ನೋವು ತಡೆಯುತ್ತಾ?

ಗಂಗಾವತಿಯ ತಾಯಿ
ಮಗನಿಗೆ ನಾಲ್ಕು ವರ್ಷ, ತೂಕ 15 ಕಿಲೋ. ಬಲಗಡೆ ತೊಡೆಸಂದಿಯಲ್ಲಿ ಹರ್ನಿಯಾ. ಅತ್ತರೆ ನಿಂಬೆಹಣ್ಣಿನಷ್ಟು ಉಬ್ಬುತ್ತದೆ. ಮುಂದಿನ ವಾರ ಬಳ್ಳಾರಿಯಲ್ಲಿ ಆಪರೇಷನ್. ಮಾರ್ಫಿನ್ ತರಹದ ಔಷಧಿ ಆದಷ್ಟು ಕೊಡುವುದಿಲ್ಲವಂತೆ. ಬೆನ್ನಿನ ಕೆಳಗೆ ಒಂದು ಇಂಜೆಕ್ಷನ್, ಆಮೇಲೆ ಪ್ಯಾರಾಸಿಟಮಾಲ್. ಸಂಜೆಗೆ ಮನೆಗೆ ಹೋಗಬಹುದು ಅಂದರು. ಎರಡು ಗಂಟೆ ಮುಂಚಿನವರೆಗೂ ನೀರು ಕುಡಿಸಿ ಅಂತಲೂ ಹೇಳಿದ್ದಾರೆ. ನಮ್ಮತ್ತೆ ಒಪ್ಪುತ್ತಿಲ್ಲ. ರಾತ್ರಿಯಿಂದಲೇ ಹನಿ ನೀರೂ ಕೊಡಬಾರದು, ಬೆನ್ನಿಗೆ ಚುಚ್ಚಿದರೆ ಸಾಯೋತನಕ ಬೆನ್ನುನೋವು ಅನ್ನುತ್ತಾರೆ. ಪ್ಯಾರಾಸಿಟಮಾಲ್ ಜ್ವರದ ಔಷಧಿ ಅಲ್ವಾ? ಕೊಯ್ದ ನೋವಿಗೆ ಸಾಕಾಗುತ್ತಾ?

ಅನಸ್ತೇಶಿಯಾ ಡಾಕ್ಟರ್, ರಾಯಚೂರು
ಅಕ್ಕ, ಬರೇ ಪ್ಯಾರಾಸಿಟಮಾಲ್ ಸಾಕಾಗುವುದಿಲ್ಲ, ನಿಮ್ಮ ಅನುಮಾನ ಸರಿ. ಮೊದಲ ಕೆಲವು ಗಂಟೆ ನೋವು ತಡೆಯುವುದು ಆ ಇಂಜೆಕ್ಷನ್. ಅದಕ್ಕೆ ಕಾಡಲ್ ಬ್ಲಾಕ್ ಅನ್ನುತ್ತೇವೆ. ಮಗು ಪೂರ್ತಿ ನಿದ್ದೆಗೆ ಹೋದ ಮೇಲೆ, ಪಕ್ಕಕ್ಕೆ ಮಲಗಿಸಿ, ಬಾಲದ ಮೂಳೆಗಿಂತ ಸ್ವಲ್ಪ ಮೇಲೆ ಸಣ್ಣ ಸೂಜಿಯಿಂದ ಕೊಡುತ್ತೇವೆ. ಚುಚ್ಚಿದ್ದು ಅವನಿಗೆ ಗೊತ್ತೇ ಆಗುವುದಿಲ್ಲ. ಮರಗಟ್ಟಿಸುವ ಔಷಧಿ ಬುಪಿವಕೇನ್ ಒಂದನ್ನೇ ಹಾಕಿದರೆ ನಾಲ್ಕರಿಂದ ಆರು ಗಂಟೆ ಕೆಲಸ ಮಾಡುತ್ತದೆ. ಚುಚ್ಚಿದ ಜಾಗ ಒಂದೆರಡು ದಿನ ನೋಯಬಹುದು. ಜೀವನಪೂರ್ತಿ ಬೆನ್ನುನೋವು ಅನ್ನುವುದು ಸುಮ್ನೆ ಭಯ.

ಅದರ ಪವರ್ ಇಳಿಯುವ ಮುಂಚೆಯೇ ಪ್ಯಾರಾಸಿಟಮಾಲ್ ಸಿರಪ್ ಶುರುವಾಗಬೇಕು. ಅಳುವವರೆಗೆ ಕಾಯಬೇಡಿ. ಮಲಗಿದ್ದರೂ ಎಬ್ಬಿಸಿ, ಆರು ಗಂಟೆಗೊಮ್ಮೆ ಕೊಡಿ. ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಅವನಿಗೆ 225 ಮಿಲಿಗ್ರಾಂ ಆಗುತ್ತದೆ. ಇಲ್ಲೇ ಜನ ಎಡವುವುದು. ಅಂಗಡಿಯಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಬಾಟಲಿಯೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಮೊದಲನೆಯದಾದರೆ 9 ಎಂಎಲ್, ಎರಡನೆಯದಾದರೆ 4.5. ಡಿಸ್ಚಾರ್ಜ್ ಮಾಡುವಾಗ ಬಾಟಲಿ ತೋರಿಸಿ, ಎಷ್ಟು ಎಂಎಲ್ ಅಂತ ಅದರ ಮೇಲೇ ಬರೆಸಿಕೊಳ್ಳಿ. ಜೊತೆಗೆ ಇನ್ನೊಂದು ನೋವಿನ ಔಷಧಿ ಐಬುಪ್ರೊಫೆನ್ ಬೇಕೋ ಬೇಡವೋ ಅವರೇ ಹೇಳುತ್ತಾರೆ.

ಮಾರ್ಫಿನ್, ಫೆಂಟಾನಿಲ್ ಕೆಟ್ಟ ಔಷಧಿಗಳಲ್ಲ. ಬೇಕಾದರೆ ನಾನೂ ಕೊಡುತ್ತೇನೆ, ಮಗುವನ್ನು ನೋವಿನಲ್ಲಿ ಬಿಡುವ ಮಾತೇ ಇಲ್ಲ. ಆದರೆ ಜಾಸ್ತಿಯಾದರೆ ವಾಂತಿ, ಮಂಪರು, ಮಲಬದ್ಧತೆ. ಉಸಿರೂ ನಿಧಾನವಾಗಬಹುದು. ಹರ್ನಿಯಾ ಹೊಲಿದ ಮಗು ಮುಕ್ಕರಿಸುತ್ತಾ ಕೂರುವುದು ಯಾರಿಗೆ ಬೇಕು? ಬೇಗ ಎದ್ದು, ಬೇಗ ಉಂಡು ಮನೆಗೆ ಹೋಗುವ ಈ ಪದ್ಧತಿಯನ್ನು 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ ದೊಡ್ಡವರಲ್ಲಿ ಬೆಳೆಸಿದರು. ಮಕ್ಕಳಿಗೆ ಬಂದಿದ್ದು ಆಮೇಲೆ.

ಇನ್ನು ನೀರು. ಇದನ್ನು ಅತ್ತೆಯವರಿಗೆ ಓದಿ ಹೇಳಿ. ಬರೀ ನೀರು ಹೊಟ್ಟೆಯಿಂದ ಬೇಗ ಇಳಿದುಹೋಗುತ್ತದೆ, ಅದಕ್ಕೇ ಎರಡು ಗಂಟೆ ಸಾಕು. ಯೂರೋಪಿನಲ್ಲಿ ಮಕ್ಕಳಿಗೆ ಒಂದು ಗಂಟೆ ಮುಂಚಿನವರೆಗೂ ಬಿಡುತ್ತಾರೆ. ಹಾಲು, ಬಿಸ್ಕತ್ತು, ಇಡ್ಲಿ ಮಾತ್ರ ಆರು ಗಂಟೆ ಮುಂಚೆಯೇ ನಿಲ್ಲಬೇಕು. ನಮ್ಮ ಕಡೆ ಬಿಸಿಲಲ್ಲಿ ರಾತ್ರಿಯಿಂದ ಬಾಯಿ ಒಣಗಿದ ಮಗು ಬಂದರೆ ಡ್ರಿಪ್ ಹಾಕಲು ನರ ಸಿಗುವುದೇ ಕಷ್ಟ. ಕೈ ತಿರುಗಿಸಿ ತಿರುಗಿಸಿ ಹುಡುಕಬೇಕು, ಅದು ಕಿರುಚುತ್ತಿರುತ್ತದೆ. ನೋಡಲಾಗುವುದಿಲ್ಲ. ಆಪರೇಷನ್ ತಡವಾದರೆ, 'ಇನ್ನೊಂದು ಗುಟುಕು ಕೊಡಲಾ?' ಅಂತ ನರ್ಸ್ ಹತ್ತಿರ ಸಂಕೋಚಪಡದೆ ಕೇಳಿ.

ಸಿಂಧನೂರಿನ ಅಪ್ಪ
ನನ್ನ ಮಗನಿಗೂ ಇದೇ ಇಂಜೆಕ್ಷನ್ ಕೊಟ್ಟಿದ್ದರು. ಎದ್ದ ಮೇಲೆ ಅಳಲಿಲ್ಲ, ಆದರೆ ಇಳಿದು ನಿಲ್ಲಲು ಹೋದರೆ ಮೊಣಕಾಲು ಮಡಚಿಕೊಂಡವು. ನಮ್ಮ ಮನೆಯವರು ಹೌಹಾರಿದರು. ಕೆಲವು ಗಂಟೆಯಲ್ಲಿ ಸರಿಹೋಯಿತು. ಸಂಜೆವರೆಗೂ ಎತ್ತಿಕೊಂಡೇ ಇರಿ ಅಕ್ಕ.

ಗಂಗಾವತಿಯ ತಾಯಿ
ತುಂಬಾ ಥ್ಯಾಂಕ್ಸ್ ಸರ್. ಇನ್ನೊಂದು ಮಾತು. ಅತ್ತೆಯ ಮೊಣಕಾಲಿಗೆ ಬರೆದುಕೊಟ್ಟ ನೋವಿನ ಮಾತ್ರೆ ಟ್ರಮಡಾಲ್ ಮನೆಯಲ್ಲಿದೆ. ರಾತ್ರಿ ತೀರಾ ಅತ್ತರೆ ಕಾಲು ಮಾತ್ರೆ ಕೊಡಬಹುದಾ?

ಅನಸ್ತೇಶಿಯಾ ಡಾಕ್ಟರ್, ರಾಯಚೂರು
ಬೇಡವೇ ಬೇಡ. ಕಾಲೂ ಬೇಡ, ಚೂರೂ ಬೇಡ. ಕೆಲವು ಮಕ್ಕಳ ಲಿವರ್ ಟ್ರಮಡಾಲನ್ನು ಬಹಳ ಬೇಗ ಇನ್ನೂ ಜೋರಾದ ಔಷಧಿಯಾಗಿ ಬದಲಿಸಿಬಿಡುತ್ತದೆ. ನಿದ್ದೆಯಲ್ಲೇ ಉಸಿರು ಕಮ್ಮಿಯಾಗುತ್ತದೆ. ಯಾವ ಮಗುವಿಗೆ ಹಾಗಾಗುತ್ತದೆ ಅಂತ ನೋಡಿ ಹೇಳಲು ಬರುವುದಿಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ 12 ವರ್ಷದೊಳಗಿನವರಿಗೆ ನೋವಿಗೆ ಟ್ರಮಡಾಲ್ ಬೇಡ ಅಂದಿತು, ಕೊಡೀನ್ ಕೂಡ. ಆ ಮಾತ್ರೆಗಳನ್ನು ಇವತ್ತೇ ಮಗುವಿನ ಕೈಗೆ ಸಿಗದಂತೆ ಎತ್ತರದಲ್ಲಿಡಿ. ಸಿರಪ್ ಸರಿಯಾಗಿ ಕೊಟ್ಟ ಮೇಲೂ ಅಳು ನಿಲ್ಲದಿದ್ದರೆ, ಪದೇ ಪದೇ ವಾಂತಿಯಾದರೆ, ಮೂತ್ರ ಕಟ್ಟಿದರೆ, ಎಬ್ಬಿಸಿದರೂ ಏಳದಿದ್ದರೆ, ಎಷ್ಟೇ ಹೊತ್ತಾಗಿರಲಿ, ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ ಹೊರಟುಬಿಡಿ. ರಾತ್ರಿ ಯಾವ ನಂಬರಿಗೆ ಮಾಡಬೇಕು ಅಂತ ಅಲ್ಲಿಂದ ಹೊರಡುವ ಮುಂಚೆಯೇ ಕೇಳಿಟ್ಟುಕೊಳ್ಳಿ.