ಹಿಮದಲ್ಲಿ ರಿಯರ್ ವೀಲ್ ಡ್ರೈವ್ ಬಿಎಂಡಬ್ಲ್ಯು: ಮಾರಿಬಿಡೋದಾ, ಟೈರ್ ಬದಲಿಸಿದರೆ ಸಾಕಾ?

ಸ್ಟುಟ್‌ಗಾರ್ಟ್‌ನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗ, ಈಗ ಇರೋದು ಡೇಗರ್ಲೊಖ್‌ನಲ್ಲಿ, ಗುಡ್ಡದ ಮೇಲೆ. ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು 330ಐ ತಗೊಂಡೆವು. ಎಕ್ಸ್‌ಡ್ರೈವ್ (ಬಿಎಂಡಬ್ಲ್ಯುದ ಆಲ್ ವೀಲ್ ಡ್ರೈವ್) ಅಲ್ಲ, ಎಂಜಿನ್ ತಿರುಗಿಸೋದು ಬರೀ ಹಿಂದಿನ ಚಕ್ರ. ಹಾಕಿರೋದು 18 ಇಂಚಿನ ಸಮ್ಮರ್ ಟೈರ್, ಅಗಲ ಮುಂದೆ 225 ಮಿ.ಮೀ., ಹಿಂದೆ 255. ದಿನಾ ಸಿಂಡೆಲ್ಫಿಂಗನ್‌ಗೆ ಆಫೀಸು, ಚಳಿಗಾಲದಲ್ಲಿ ಆಲ್ಪ್ಸ್ ಕಡೆ ಹೋಗೋ ಆಸೆಯೂ ಇದೆ. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಸಿ ಅಭ್ಯಾಸ ಉಂಟು, ಹಿಮ ಮಾತ್ರ ಹೊಸದು. ಆಫೀಸಿನವರು "ಮಾರಿ ಆಲ್ ವೀಲ್ ಡ್ರೈವ್ ತಗೊಳ್ಳಿ" ಅಂತಾರೆ. ನಮ್ಮನೆಯವರು ಡಿಕ್ಕಿಯಲ್ಲಿ ಎರಡು ಮರಳು ಮೂಟೆ ಹಾಕಿದರೆ ಸಾಕು ಅಂತಾರೆ. ಓಡಿಸಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಮ್ಯೂನಿಕ್‌ನಿಂದ

ಮಾರಬೇಡಿ ಮೇಡಂ. ಹಿಂದಿನ ಚಕ್ರದ 5 ಸೀರೀಸ್ ಇಟ್ಟುಕೊಂಡು ಇಲ್ಲಿ ಹಲವು ಚಳಿಗಾಲ ಕಳೆದಿದ್ದೇನೆ. ಆದರೆ ಈಗಿರುವ ಟೈರ್‌ನಲ್ಲಿ ಹಿಮ ಬಿದ್ದ ದಿನ ಕಾರನ್ನು ಗೇಟಿನಾಚೆಗೂ ತರಬೇಡಿ.

ಸಮ್ಮರ್ ಟೈರ್‌ನ ರಬ್ಬರ್ ಚಳಿಗೆ ಬಿರುಸಾಗುತ್ತದೆ. ಹೊರಗೆ 7 ಡಿಗ್ರಿಗಿಂತ ಕೆಳಗಿಳಿದರೆ ಟೈರ್ ಬದಲಿಸು ಅನ್ನೋದು ಇಲ್ಲಿನವರ ಲೆಕ್ಕ. ವಿಂಟರ್ ಟೈರ್‌ನ ರಬ್ಬರ್ ಆ ಚಳಿಯಲ್ಲೂ ಮೆತ್ತಗೇ ಇರುತ್ತದೆ, ಅದರ ಮೇಲಿನ ಸಣ್ಣ ಸಣ್ಣ ಸೀಳುಗಳು ಹಿಮವನ್ನು ಕಚ್ಚುತ್ತವೆ. ಹಿಮದ ಮೇಲೆ ಗಂಟೆಗೆ 50 ಕಿ.ಮೀ. ವೇಗದಿಂದ ಬ್ರೇಕ್ ಒತ್ತಿದರೆ ಸಮ್ಮರ್ ಟೈರಿನ ಕಾರು ನಿಲ್ಲೋಕೆ ಹೆಚ್ಚುಕಮ್ಮಿ ಎರಡು ಪಟ್ಟು ದೂರ ಬೇಕು. ಎಂಜಿನ್ ಯಾವ ಚಕ್ರ ತಿರುಗಿಸುತ್ತದೆ ಅನ್ನೋದು ಈ ಲೆಕ್ಕದೊಳಗೆ ಬರೋದೇ ಇಲ್ಲ. ಆಲ್ ವೀಲ್ ಡ್ರೈವ್ ಇದ್ದರೆ ಹೊರಡೋದು ಸುಲಭ, ಏರು ಹತ್ತೋದು ಸುಲಭ. ನಿಲ್ಲೋಕೆ ಎಲ್ಲ ಕಾರಿಗೂ ನಾಲ್ಕೇ ಬ್ರೇಕು. ಇರ್ಶೆನ್‌ಬೆರ್ಗ್ ಇಳಿಜಾರಿನಲ್ಲಿ ರಸ್ತೆ ಬಿಟ್ಟು ಹೊಲಕ್ಕೆ ಇಳಿದು ನಿಂತ ದೊಡ್ಡ ದೊಡ್ಡ ಎಸ್‌ಯುವಿಗಳನ್ನು ನೋಡಿಕೊಂಡೇ ನಾವು ಮುಂದೆ ಹೋಗಿದ್ದುಂಟು.

ಇನ್ನು ಕಾನೂನು. ಜರ್ಮನಿಯಲ್ಲಿ ಇಂಥ ತಾರೀಖಿನಿಂದ ಅಂತಿಲ್ಲ. ರಸ್ತೆಯ ಮೇಲೆ ಹಿಮ, ಮಂಜುಗಡ್ಡೆ, ಕೆಸರು ಹಿಮ ಇದ್ದರೆ ವಿಂಟರ್ ಟೈರ್ ಇರಲೇಬೇಕು. ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಅನ್ನೋದು ಜನ ಮಾಡಿಕೊಂಡ ರೂಢಿ. ಸಿಕ್ಕಿಬಿದ್ದರೆ 60 ಯೂರೋ ದಂಡ, ಜೊತೆಗೆ ಲೈಸೆನ್ಸ್ ದಾಖಲೆಯಲ್ಲಿ ಒಂದು ದಂಡದ ಪಾಯಿಂಟ್. ಅಪಘಾತವಾದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯೋದು ಬೇರೆ. ಸೆಕೆಂಡ್ ಹ್ಯಾಂಡ್ ಸೆಟ್ ತಗೊಳ್ಳುವುದಾದರೆ ಒಂದು ವಿಷಯ ನೋಡಿಕೊಳ್ಳಿ: ಎಂ+ಎಸ್ (ಕೆಸರು ಮತ್ತು ಹಿಮ) ಅಂತ ಮಾತ್ರ ಬರೆದಿರುವ ಟೈರ್ 2024ರ ಅಕ್ಟೋಬರ್ 1ರಿಂದ ಇಲ್ಲಿ ವಿಂಟರ್ ಟೈರ್ ಅಂತ ಲೆಕ್ಕಕ್ಕಿಲ್ಲ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇರಬೇಕು. ಆಸ್ಟ್ರಿಯಾಕ್ಕೆ ಹೋಗ್ತೀರಾದರೆ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದಾಗ, ವಿಂಟರ್ ಟೈರ್ ಕಡ್ಡಾಯ, ಅದರಲ್ಲೂ ಟೈರಿನ ಗೀರುಗಳ ಆಳ ಕನಿಷ್ಠ 4 ಮಿ.ಮೀ. ಉಳಿದಿರಬೇಕು. ಜರ್ಮನ್ ಕಾನೂನಿಗೆ 1.6 ಮಿ.ಮೀ. ಸಾಕು. ಹಿಮಕ್ಕೆ ಅದು ಸಾಲದು, ನಾನಂತೂ 4ಕ್ಕೆ ಎಸೆಯುತ್ತೇನೆ.

ಅಳತೆಯ ವಿಚಾರಕ್ಕೆ ಬಂದರೆ, ಹಿಂದೆ 255 ಬೇಡ. ನಾಲ್ಕಕ್ಕೂ ಒಂದೇ ಅಳತೆ, 17 ಇಂಚಿನ 225/50 ಕೇಳಿ. ಹಿಮದಲ್ಲಿ ಅಗಲ ಕಡಿಮೆಯಿದ್ದಷ್ಟೂ ಟೈರ್ ಹಿಮ ಸೀಳಿಕೊಂಡು ಕೆಳಗೆ ಇಳಿಯುತ್ತದೆ. ಕಾಸೂ ಉಳಿಯುತ್ತದೆ, ಗುಂಡಿಗೆ ಬಿದ್ದಾಗ ರಿಮ್ಮೂ ಉಳಿಯುತ್ತದೆ. ನಿಮ್ಮದರಲ್ಲಿ ಎಂ ಸ್ಪೋರ್ಟ್‌ನ ದೊಡ್ಡ ಬ್ರೇಕ್ ಇದ್ದರೆ 17 ಕೂರುತ್ತದಾ ಅಂತ ಅಂಗಡಿಯವರ ಹತ್ತಿರ ಮೊದಲೇ ಕೇಳಿ. ಹಿಂದಕ್ಕೆ ಎರಡು ಮಾತ್ರ ಹಾಕಿಸುವ ಉಳಿತಾಯ ಮಾತ್ರ ಮಾಡಬೇಡಿ, ಆಗ ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ.

(ಸಿಂಡೆಲ್ಫಿಂಗನ್‌ಗೆ, ಅದೂ ಬೆನ್ಜ್ ಕಾರ್ಖಾನೆಯ ಊರಿಗೆ, ದಿನಾ ಬಿಎಂಡಬ್ಲ್ಯು ತಗೊಂಡು ಹೋಗುವ ಧೈರ್ಯಕ್ಕೆ ಮೊದಲು ಮೆಚ್ಚಬೇಕು.)

ಮಿನಿಯಾಪೊಲಿಸ್‌ನಿಂದ

ಅಕ್ಕಾರ, ನಿಮ್ಮ ಮನಿಯವರು ಹೇಳಿದ್ದು ಸುಳ್ಳಲ್ಲ. ಇಲ್ಲಿ ಪಿಕಪ್ ಟ್ರಕ್ ಇದ್ದವರು ಚಳಿಗಾಲಕ್ಕ ಹಿಂದ ಉಸುಕಿನ ಚೀಲಾ ಹಾಕ್ತಾರ್ರೀ. ಯಾಕಂದ್ರ ಖಾಲಿ ಟ್ರಕ್ಕಿನ ಹಿಂದಿನ ಗಾಲಿ ಮ್ಯಾಲೆ ಭಾರನ ಇರಂಗಿಲ್ಲ. ನಿಮ್ಮ ಕಾರಿಂದು ಹಂಗಲ್ಲ. 3 ಸೀರೀಸ್‌ನಾಗ ಮುಂದ ಹಿಂದ ಭಾರ ಹೆಚ್ಚುಕಮ್ಮಿ ಸಮಾ ಐತಿ. ಅದರ ಮ್ಯಾಲೆ ಡಿಕ್ಕಿಯೊಳಗ ಕ್ವಿಂಟಲ್ ಉಸುಕು ಹೇರಿದ್ರ ತಿರುವಿನ್ಯಾಗ ಹಿಂಬದಿ ಇನ್ನೂ ಜೋರ್ಲೆ ಹೊರಗ ಜಗ್ಗತೈತಿ. ಕಟ್ಟಿ ಹಾಕಲಿಲ್ಲಂದ್ರ ಬ್ರೇಕ್ ಹೊಡದಾಗ ಚೀಲಾ ಮುಂದ ಬರ್ತೈತಿ. ಒಂದು ಸಣ್ಣ ಚೀಲದಾಗ ಒರಟು ಉಸುಕು ಇಟ್ಕೊರಿ, ಒಂದು ಸಲಿಕಿ ಇಟ್ಕೊರಿ. ಗಾಲಿ ಬುಡಕ ಚೆಲ್ಲಾಕ ಬೇಕಾಕ್ಕತಿ. ಪೆಟ್ರೋಲ್ ಟ್ಯಾಂಕ್ ಅರ್ಧಕ್ಕಿಂತ ಕೆಳಗ ಬಿಡಬ್ಯಾಡ್ರಿ, ಹೈವೇದಾಗ ಸಿಕ್ಕೊಂಡ್ರ ಹೀಟರ್ ಬೇಕು.

ಮಾಂಟ್ರಿಯಲ್‌ನಿಂದ

ನಮ್ಮ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ, ಹಿಮ ಇರಲಿ ಬಿಡಲಿ. ಹಾಗಾಗಿ "ಬೇಕಾ ಬೇಡವಾ" ಅನ್ನೋ ಚರ್ಚೆಯೇ ಇಲ್ಲಿಲ್ಲ. ನನ್ನದು ಹಳೆಯ ಲೆಕ್ಸಸ್ ಐಎಸ್, ಹಿಂದಿನ ಚಕ್ರದ್ದು. ಸ್ನೋ ಬಟನ್ ಒತ್ತಿ ಹೊರಡುತ್ತೇನೆ, ಎಂಜಿನ್ನಿನ ಜೋರು ಚಕ್ರಕ್ಕೆ ಒಮ್ಮೆಗೇ ಬರೋದಿಲ್ಲ. ಮಂಜುಗಡ್ಡೆ ಜಾಸ್ತಿಯಿದ್ದರೆ ಮೊಳೆ ಇರುವ ಟೈರ್ ಹಾಕಿಸಿ, ಅದಕ್ಕಿಂತ ಒಳ್ಳೆಯದಿಲ್ಲ.

ಮ್ಯೂನಿಕ್‌ನಿಂದ, ಮತ್ತೆ

ಸರ್, ಮೊಳೆ ಟೈರ್ ಇಲ್ಲಿ ನಡೆಯಲ್ಲ. ಆಸ್ಟ್ರಿಯಾ ಗಡಿಯ ಒಂದಿಷ್ಟು ಜಾಗ ಬಿಟ್ಟರೆ ಜರ್ಮನಿಯ ರಸ್ತೆಗಳಲ್ಲಿ ನಿಷೇಧ. ಮೇಡಂ, ಆ ಸಲಹೆ ಬಿಡಿ.

ಬಟನ್ ವಿಷಯ ಬಂತು ಅಂತ ಹೇಳ್ತೀನಿ. ನಿಮ್ಮ ಕಾರಿನಲ್ಲಿ ಡಿಎಸ್‌ಸಿ (ಕಾರು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ಬಟನ್ ಇದೆಯಲ್ಲ, ಅದನ್ನು ಒಂದು ಸಲ ಮುಟ್ಟಿಬಿಟ್ಟರೆ ಟ್ರಾಕ್ಷನ್ ಅಂತ ತೋರಿಸುತ್ತದೆ. ಆಗ ಚಕ್ರ ಸ್ವಲ್ಪ ಜಾರೋಕೆ ಕಾರು ಬಿಡುತ್ತದೆ. ಆಳ ಹಿಮದಿಂದ ಹೊರಬರೋಕೆ ಅದು ಬೇಕು. ಇಲ್ಲದಿದ್ದರೆ ಚಕ್ರ ಜಾರಿದ ಕೂಡಲೇ ಕಂಪ್ಯೂಟರ್ ಎಂಜಿನ್ನಿನ ಕತ್ತು ಹಿಸುಕಿ, ಕಾರು ಇದ್ದಲ್ಲೇ ಕೂತುಬಿಡುತ್ತದೆ. ಹೊರಬಂದ ಮೇಲೆ ಮತ್ತೆ ಒತ್ತಿ ಮೊದಲಿನಂತೆ ಮಾಡಿ. ಒತ್ತಿ ಹಿಡಿದರೆ ಪೂರ್ತಿ ಆಫ್ ಆಗುತ್ತದೆ, ರಸ್ತೆಯಲ್ಲಿ ಅದನ್ನು ಮಾಡಬೇಡಿ.

ಆಗುಂಬೆ ಅಭ್ಯಾಸದಲ್ಲಿ ಒಂದನ್ನು ಮಾತ್ರ ಇಲ್ಲಿಗೆ ತರಬೇಡಿ. ಘಾಟಿ ಇಳಿಯುವಾಗ ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನಿಂದ ಹಿಡಿಸುವುದು ನಮ್ಮೆಲ್ಲರ ಕೈಗೆ ಬಂದ ಕ್ರಮ. ಹಿಂದಿನ ಚಕ್ರದ ಕಾರಿನಲ್ಲಿ ಆ ಹಿಡಿತ ಪೂರ್ತಿ ಹಿಂದಕ್ಕೇ ಬೀಳುತ್ತದೆ. ನುಣುಪು ಹಿಮದ ಮೇಲೆ ತಟ್ಟನೆ ಎರಡು ಗೇರ್ ಇಳಿಸಿದರೆ ಹಿಂದಿನ ಚಕ್ರ ಹಿಡಿತ ಬಿಟ್ಟು ಕಾರಿನ ಬಾಲ ಅಡ್ಡ ಬರುತ್ತದೆ. ಇಳಿಜಾರು ಶುರುವಾಗುವ ಮೊದಲೇ ವೇಗ ಇಳಿಸಿ, ಗೇರನ್ನು ಒಂದೊಂದಾಗಿ, ಇಲ್ಲವೇ ಹಗುರವಾಗಿ ಬ್ರೇಕ್. ಎಬಿಎಸ್ ನಾಲ್ಕೂ ಚಕ್ರ ನೋಡಿಕೊಳ್ಳುತ್ತದೆ. ಬಾಲ ಜಾರಿದರೆ ಆಕ್ಸಿಲರೇಟರ್ ಬಿಡಿ, ಹೋಗಬೇಕಾದ ಕಡೆ ಕಣ್ಣಿಟ್ಟು ಆ ಕಡೆಗೇ ಸ್ಟಿಯರಿಂಗ್ ಹಿಡಿಯಿರಿ. ಓದಿದರೆ ಇದು ಕೈಗೆ ಬರಲ್ಲ. ಇಲ್ಲಿನ ವಾಹನ ಸವಾರರ ಸಂಘ ಎಡಿಎಸಿಯವರ ತರಬೇತಿ ಮೈದಾನಗಳಲ್ಲಿ ನೀರು ಹರಿಸಿದ ಜಾರುನೆಲ ಇರುತ್ತದೆ, ಹಲವು ಕಡೆ ಕಾರಿನ ಹಿಂಭಾಗವನ್ನೇ ಪಕ್ಕಕ್ಕೆ ಒದೆಯುವ ಪ್ಲೇಟೂ ಇರುತ್ತದೆ. ನಿಮ್ಮ ಕಾರಲ್ಲೇ ಒಂದು ದಿನ ಹೋಗಿ ಬನ್ನಿ. ಎಕ್ಸ್‌ಡ್ರೈವ್‌ಗೆ ಕೊಡುವ ಹೆಚ್ಚಿನ ದುಡ್ಡಿಗೆ ಹೋಲಿಸಿದರೆ ಆ ಫೀಸು ಏನೂ ಅಲ್ಲ.

ಇನ್ಸ್‌ಬ್ರುಕ್‌ನಿಂದ

ಮೇಲಿನವರು ಹೇಳಿದ್ದು ಎಲೆಕ್ಟ್ರಿಕ್ ಕಾರಿಗೂ ಅನ್ವಯ. ನನ್ನದು ಬಿಎಂಡಬ್ಲ್ಯು ಐ4, ಹಿಂದೆ ಮಾತ್ರ ಮೋಟಾರು. ಆಕ್ಸಿಲರೇಟರ್‌ನಿಂದ ಕಾಲು ಎತ್ತಿದರೆ ಬ್ಯಾಟರಿ ತುಂಬಿಸೋ ಹಿಡಿತ ಹಿಂದಿನ ಚಕ್ರಕ್ಕೇ. ಹಿಮದ ದಿನ ಅದನ್ನು ಕಡಿಮೆಗೆ ಇಡುತ್ತೇನೆ.

ಒಂದು ಮಾತ್ರ ಒಪ್ಪಿಕೊಳ್ಳಬೇಕು. ಮನೆ ಕಡಿದಾದ ಏರಿನ ತುದಿಯಲ್ಲಿದ್ದು, ಬೆಳಿಗ್ಗೆ ಹಿಮ ತೆಗೆಯುವ ಗಾಡಿ ಬರುವ ಮೊದಲೇ ಹೊರಡಬೇಕಾದ ಕೆಲಸವಾದರೆ ಆಲ್ ವೀಲ್ ಡ್ರೈವ್ ನಿಜಕ್ಕೂ ಬೇಕು. ನಮ್ಮ ಪಕ್ಕದ ಮನೆಯ ನರ್ಸ್ ಅದಕ್ಕೇ ಕಾರು ಬದಲಿಸಿದರು, ಸರಿಯಾಗೇ ಮಾಡಿದರು.

ಸ್ಟುಟ್‌ಗಾರ್ಟ್‌ನಿಂದ

ತುಂಬಾ ಥ್ಯಾಂಕ್ಸ್. ಆಫೀಸು ಒಂಬತ್ತೂವರೆಗೆ, ಹೆಚ್ಚು ಹಿಮ ಇದ್ದ ದಿನ ಯು-ಬಾನ್ ರೈಲು ಇದೆ. ಕಾರು ಮಾರಲ್ಲ. 17 ಇಂಚಿನ ಸೆಟ್ ಕೂರುತ್ತದೆ ಅಂದರು, ಟೈರ್ ಮೇಲೆ ಎಚ್ ಅಂತ ಇದೆ, ತೊಂದರೆ ಇಲ್ವಾ? ಮತ್ತೆ ಆಲ್ಪ್ಸ್‌ಗೆ ಚೈನ್ ಬೇಕಾ?

ಮ್ಯೂನಿಕ್‌ನಿಂದ

ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ. ನಿಮ್ಮ ಕಾರು ಅದಕ್ಕಿಂತ ಜೋರಾಗಿ ಹೋಗಬಲ್ಲದ್ದರಿಂದ ಡ್ರೈವರಿಗೆ ಕಾಣುವ ಹಾಗೆ 210ರ ಸ್ಟಿಕ್ಕರ್ ಅಂಟಿಸಬೇಕು, ಟೈರ್ ಅಂಗಡಿಯಲ್ಲೇ ಕೊಡುತ್ತಾರೆ. ಚೈನ್ ತಗೊಳ್ಳಿ. ನೀಲಿ ದುಂಡು ಫಲಕದಲ್ಲಿ ಚೈನ್ ಹಾಕಿದ ಚಕ್ರದ ಚಿತ್ರ ಕಂಡರೆ ಹಾಕಲೇಬೇಕು. ಯಾವ ಅಳತೆಯ ಟೈರಿಗೆ ಹಾಕಬಹುದು ಅಂತ ಕಾರಿನ ಕೈಪಿಡಿಯಲ್ಲಿ ನೋಡಿ ತಗೊಳ್ಳಿ. ನಿಮ್ಮದಕ್ಕೆ ಹಿಂದಿನ ಎರಡು ಚಕ್ರಕ್ಕೆ, ಮುಂದಕ್ಕಲ್ಲ. ಮನೆ ಮುಂದೆ ಒಣ ದಿನ, ಕೈಗವಸು ಹಾಕಿಕೊಂಡೇ ಒಂದು ಸಲ ಹಾಕಿ ಬಿಚ್ಚಿ ನೋಡಿ. ಹಾಕಿದ ಮೇಲೆ ಸ್ವಲ್ಪ ದೂರ ಹೋಗಿ ನಿಲ್ಲಿಸಿ ಬಿಗಿ ನೋಡಬೇಕು. ವೇಗ 50 ದಾಟುವಂತಿಲ್ಲ.