ವೈಮಾನಿಕ ಚಿತ್ರಕ್ಕೆ ಶೇರ್-ಅಲೈಕ್ ಷರತ್ತು: ಮುಕ್ತ ನಕ್ಷೆಗೆ ಬಳಸಿದವರ ಅನುಭವ

ಕೇಳಿದವರು: ನಮ್ಮ ತಾಲ್ಲೂಕಿನ ಕೆರೆ, ತೂಬು, ಕಾಲುವೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ, ಅಂದರೆ ಸ್ವಯಂಸೇವಕರು ಸೇರಿ ಕಟ್ಟುವ ಮುಕ್ತ ನಕ್ಷೆಗೆ, ಸೇರಿಸುತ್ತಿರುವ ಸಣ್ಣ ಗುಂಪು ನಮ್ಮದು. ಡ್ರೋನ್ ಸಮೀಕ್ಷೆ ಮಾಡುವ ಖಾಸಗಿ ಕಂಪನಿಯೊಂದು ಬೇರೊಬ್ಬ ಗ್ರಾಹಕರಿಗಾಗಿ ತೆಗೆದ ಚಿತ್ರಗಳನ್ನು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 ಪರವಾನಗಿಯಡಿ ಉಚಿತವಾಗಿ ಕೊಡಲು ಮುಂದೆ ಬಂದಿದೆ. ಆ ಚಿತ್ರಗಳಿಂದ ಹುಟ್ಟುವುದೆಲ್ಲವೂ ಅದೇ ಪರವಾನಗಿಯಲ್ಲಿರಬೇಕು (ಇದನ್ನೇ ಶೇರ್-ಅಲೈಕ್, ಚುಟುಕಾಗಿ ಎಸ್‌ಎ, ಎನ್ನುತ್ತಾರೆ) ಎಂಬುದೊಂದೇ ಅವರ ಷರತ್ತು. ಒಪ್ಪಿಕೊಳ್ಳಬಹುದೇ? ಇಂಥ ವ್ಯವಹಾರದಲ್ಲಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಮೆಲ್ಬರ್ನ್‌ನಿಂದ ಒಬ್ಬರು: ಷರತ್ತು ಈಗಿರುವ ರೂಪದಲ್ಲೇ ಇದ್ದರೆ ಒಪ್ಪಿಕೊಳ್ಳಬೇಡಿ. ಕಂಪನಿಯ ಉದ್ದೇಶದಲ್ಲಿ ಕೆಡುಕೇನೂ ಕಾಣುವುದಿಲ್ಲ. ತೊಡಕಿರುವುದು ಒಂದು ನಿರ್ದಿಷ್ಟ ಪರವಾನಗಿಯ ಹೆಸರನ್ನು ಷರತ್ತಿನಲ್ಲೇ ಬರೆದುಬಿಟ್ಟಿರುವುದರಲ್ಲಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶ 2012ರ ಸೆಪ್ಟೆಂಬರ್‌ನಿಂದ ಓಪನ್ ಡೇಟಾಬೇಸ್ ಲೈಸೆನ್ಸ್, ಅಂದರೆ ಒಡಿಬಿಎಲ್ ಅಡಿಯಲ್ಲಿದೆ. ಅದೂ ಶೇರ್-ಅಲೈಕ್ ಬಗೆಯದೇ, ಬಿವೈ-ಎಸ್‌ಎ ಕೂಡ ಅದೇ ಬಗೆಯದು. ಎರಡೂ ತನ್ನ ನಿಯಮವೇ ನಡೆಯಬೇಕೆಂದು ಪಟ್ಟು ಹಿಡಿಯುವುದರಿಂದ ಒಂದರಡಿ ಬಂದದ್ದನ್ನು ಇನ್ನೊಂದರಡಿ ಹಂಚಲು ಬರುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ನಕ್ಷೆ ಮಾಡುವವರಿಗೆಲ್ಲ ಇದರ ಚರಿತ್ರೆ ಗೊತ್ತು. ಪರ್ತ್ ಮೂಲದ ನಿಯರ್‌ಮ್ಯಾಪ್ ಸಂಸ್ಥೆ 2009ರಲ್ಲಿ ತನ್ನ ವೈಮಾನಿಕ ಚಿತ್ರಗಳನ್ನು ಜನರಿಗೆ ತೆರೆದಿಟ್ಟಿತು. ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಸುಮಾರು 7.5 ಸೆಂಟಿಮೀಟರ್, ರಸ್ತೆಯ ಮೇಲೆ ಬಳಿದ ಬಾಣದ ಗುರುತು ಕೂಡ ಸ್ಪಷ್ಟವಾಗಿ ಕಾಣುವಷ್ಟು ವಿವರ. ಅದರ ಮೇಲೆ ಟ್ರೇಸ್ ಮಾಡಿದ್ದನ್ನು, ಅಂದರೆ ಚಿತ್ರ ನೋಡಿ ಗೆರೆ ಎಳೆದು ನಕ್ಷೆಗೆ ಸೇರಿಸಿದ್ದನ್ನು, ಬಿವೈ-ಎಸ್‌ಎ ಅಡಿಯಲ್ಲಿ ಹಂಚಬಹುದೆಂದು ಸಂಸ್ಥೆಯ ಸಮುದಾಯ ಪರವಾನಗಿ ಹೇಳುತ್ತಿತ್ತು, ಆಗ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಪರವಾನಗಿಯೂ ಬಿವೈ-ಎಸ್‌ಎ 2.0 ಆಗಿದ್ದುದರಿಂದ ಯಾರಿಗೂ ಅಡ್ಡಿಯಿರಲಿಲ್ಲ. ನಂತರ ಯೋಜನೆ ಒಡಿಬಿಎಲ್ ಕಡೆಗೆ ಹೊರಟಿತು, ಜೊತೆಗೆ ನಕ್ಷೆಗೆ ಕೊಡುಗೆ ನೀಡುವವರೆಲ್ಲ ಒಪ್ಪಬೇಕಾದ ಹೊಸ 'ಕೊಡುಗೆದಾರರ ನಿಯಮಗಳೂ' ಬಂದವು. ಸಕ್ರಿಯ ಕೊಡುಗೆದಾರರಲ್ಲಿ ಮೂರನೇ ಎರಡರಷ್ಟು ಮಂದಿ ಮತದಾನದಲ್ಲಿ ಒಪ್ಪಿದರೆ ಮುಂದೆ ಬೇರಾವುದೇ ಮುಕ್ತ ಪರವಾನಗಿಗೆ ಹೋಗಬಹುದು ಎಂಬ ಮಾತು ಆ ನಿಯಮಗಳಲ್ಲಿದೆ. ಆ ಮುಂದಿನ ಪರವಾನಗಿ ಶೇರ್-ಅಲೈಕ್ ಆಗಿಯೇ ಇರುತ್ತದೆ ಎಂಬ ಖಾತರಿ ಅದರಲ್ಲಿಲ್ಲ. ಚಿತ್ರ ಕೊಟ್ಟ ಸಂಸ್ಥೆ ತಕರಾರು ತೆಗೆದದ್ದು ಇಲ್ಲಿಯೇ, ಅದರ ದೃಷ್ಟಿಯಿಂದ ನೋಡಿದರೆ ಆ ತಕರಾರಿನಲ್ಲಿ ನ್ಯಾಯವಿತ್ತು. ಕೊನೆಗೆ 2011ರ ಜೂನ್‌ವರೆಗೆ ಟ್ರೇಸ್ ಮಾಡಿದ್ದನ್ನು ಹೊಸ ಪರವಾನಗಿಯಡಿ ಉಳಿಸಿಕೊಳ್ಳಲು ಸಂಸ್ಥೆ ಸಮ್ಮತಿಸಿತು, ಅಲ್ಲಿಂದಾಚೆಗಿನ ಬಳಕೆ ನಿಂತುಹೋಯಿತು. ಹೊಸ ನಿಯಮಗಳನ್ನು ಒಪ್ಪದವರ ಕೊಡುಗೆಗಳನ್ನು 2012ರ ಜುಲೈನಲ್ಲಿ ತೆಗೆದುಹಾಕುವ ಕೆಲಸ ನಡೆದಾಗ ಇಲ್ಲಿನ ನಕ್ಷೆಗೆ ಬಿದ್ದ ಪೆಟ್ಟು ಸಣ್ಣದಲ್ಲ.

ಆದ್ದರಿಂದ ನಿಮ್ಮ ಕಂಪನಿಯಿಂದ ಕೇಳಬೇಕಾದದ್ದು 'ಒಡಿಬಿಎಲ್‌ಗೆ ಒಪ್ಪಿಗೆ' ಎಂಬ ಮಾತಷ್ಟೇ ಅಲ್ಲ. 'ಒಡಿಬಿಎಲ್ ಹಾಗೂ ಕೊಡುಗೆದಾರರ ನಿಯಮಗಳಂತೆ ಮುಂದೆ ಆಯ್ಕೆಯಾಗಬಹುದಾದ ಯಾವುದೇ ಮುಕ್ತ ಪರವಾನಗಿ' ಎಂದು ಬರೆದುಕೊಡಬೇಕು. ಉಳಿದೆಲ್ಲ ವಿವರಗಳಿಗಿಂತ ನಾನು ಇದಕ್ಕೆ ಹೆಚ್ಚು ತೂಕ ಕೊಡುತ್ತೇನೆ.

ಬೆಂಗಳೂರಿನಿಂದ ಇನ್ನೊಬ್ಬರು: ಮೇಲಿನ ಮಾತನ್ನು ಒಪ್ಪುತ್ತೇನೆ. ಇಂಥದ್ದೇ ಒಂದು ಸಮೀಕ್ಷೆ ಕಂಪನಿಯೊಡನೆ ನಾನು ಮಾತುಕತೆ ನಡೆಸಿದಾಗ ತಿಳಿದದ್ದೇನೆಂದರೆ, ಅವರು ಶೇರ್-ಅಲೈಕ್ ಹಿಡಿದು ಕೂತದ್ದು ತತ್ವಕ್ಕಾಗಿ ಆಗಿರಲಿಲ್ಲ. ಪ್ರತಿಸ್ಪರ್ಧಿಯೊಬ್ಬ ಚಿತ್ರಗಳನ್ನೇ ಇಳಿಸಿಕೊಂಡು ಮಾರಿಬಿಟ್ಟಾನೆಂಬ ಅಂಜಿಕೆ ಅದರ ಹಿಂದಿತ್ತು. ಚಿತ್ರವೇ ಬೇರೆ, ಅದನ್ನು ನೋಡಿ ಎಳೆದ ಗೆರೆಯೇ ಬೇರೆ ಎಂದು ಬಿಡಿಸಿ ಹೇಳಿದ ಮೇಲೆ ಮಾತು ಹಗುರವಾಯಿತು. ಮೈಕ್ರೋಸಾಫ್ಟ್ 2010ರಿಂದ ತನ್ನ ಬಿಂಗ್ ನಕ್ಷೆ ಸೇವೆಯ ಚಿತ್ರಗಳ ಮೇಲೆ ಟ್ರೇಸ್ ಮಾಡಲು ಬಿಟ್ಟಿದೆ, ಆದರೆ ಚಿತ್ರಗಳ ಮೇಲಿನ ಹಕ್ಕನ್ನು ಪೂರ್ತಿಯಾಗಿ ತನ್ನಲ್ಲೇ ಇಟ್ಟುಕೊಂಡಿದೆ. ಈ ಉದಾಹರಣೆ ಕೊಟ್ಟರೆ ವ್ಯಾಪಾರಿಗಳಿಗೆ ಬೇಗ ಅರ್ಥವಾಗುತ್ತದೆ: ನೀವು ಚಿತ್ರವನ್ನು ಮುಕ್ತಗೊಳಿಸಬೇಕಾಗಿಯೇ ಇಲ್ಲ.

ನಮ್ಮ ಪತ್ರದ ತಿರುಳು ಹೀಗಿತ್ತು: 'ಈ ಚಿತ್ರಗಳನ್ನು ಆಧರಿಸಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗಾಗಿ ರಚಿಸಿದ ದತ್ತಾಂಶದ ಮೇಲೆ ನಾವು ಯಾವ ಹಕ್ಕನ್ನೂ ಸಾಧಿಸುವುದಿಲ್ಲ. ಚಿತ್ರಗಳ ಪ್ರತಿ ಮಾಡುವ, ಹಂಚುವ ಹಕ್ಕು ನಮ್ಮಲ್ಲೇ ಉಳಿಯುತ್ತದೆ. ಮುಂದೆ ಅನುಮತಿಯನ್ನು ಹಿಂಪಡೆದರೂ ಅಲ್ಲಿಯವರೆಗೆ ರಚಿಸಿದ ದತ್ತಾಂಶಕ್ಕೆ ಅದು ಅನ್ವಯಿಸುವುದಿಲ್ಲ.' ಕೊನೆಯ ವಾಕ್ಯವನ್ನು ಖಂಡಿತ ಬಿಡಬೇಡಿ. ಯಾಹೂ ಚಿತ್ರಗಳು 2011ರಲ್ಲಿ ನಿಂತವು, ಮ್ಯಾಕ್ಸಾರ್ ಕಂಪನಿಯ ಉಪಗ್ರಹ ಚಿತ್ರಗಳ ಪದರಗಳು 2023ರಲ್ಲಿ ನಕ್ಷೆ ತಿದ್ದುವ ತಂತ್ರಾಂಶಗಳಿಂದ ಹೋದವು. ಅವುಗಳ ಮೇಲೆ ಎಳೆದ ರಸ್ತೆ, ಮನೆಗಳು ನಕ್ಷೆಯಲ್ಲಿ ಈಗಲೂ ಇವೆ.

'ಹಾಗಾದರೆ ಎಸ್‌ಎ ಬಿಟ್ಟು ಬರೀ ಬಿವೈ 4.0, ಅಂದರೆ ಮೂಲಕ್ಕೆ ಮನ್ನಣೆ ಕೊಟ್ಟರೆ ಸಾಕೆನ್ನುವ ಪರವಾನಗಿ, ಕೊಡುತ್ತೇವೆ' ಎಂದು ಕಂಪನಿಯವರು ಹೇಳಬಹುದು. ಅದರಿಂದಲೂ ಕೆಲಸ ಮುಗಿಯುವುದಿಲ್ಲ. ಮನ್ನಣೆಯನ್ನು ಯೋಜನೆಯ ಕೊಡುಗೆದಾರರ ಪುಟದಲ್ಲಿ ಕೊಟ್ಟರೆ ಸಾಕು ಎಂದೂ, ತಾಂತ್ರಿಕ ಬೀಗ ಹಾಕಿ ಇತರರ ಬಳಕೆಯನ್ನು ತಡೆಯಬಾರದೆಂಬ ಷರತ್ತನ್ನು ಬಿಟ್ಟುಕೊಟ್ಟಿದ್ದೇವೆ ಎಂದೂ ಪ್ರತ್ಯೇಕ ಹೇಳಿಕೆ ಬೇಕೆಂದು ಓಪನ್‌ಸ್ಟ್ರೀಟ್‌ಮ್ಯಾಪ್ ಫೌಂಡೇಶನ್ 2017ರಿಂದ ಹೇಳುತ್ತ ಬಂದಿದೆ. ಇನ್ನೊಂದು ಮಾತನ್ನು ಕಂಪನಿಗೂ ಮೊದಲೇ ಹೇಳಿಡುವುದು ಒಳ್ಳೆಯದು: ನಕ್ಷೆಯ ದತ್ತಾಂಶವನ್ನು ಅವರು ತಮ್ಮ ದತ್ತಾಂಶದೊಂದಿಗೆ ಬೆರೆಸಿ ಹೊರಗೆ ಕೊಟ್ಟರೆ ಒಡಿಬಿಎಲ್‌ನ ಶೇರ್-ಅಲೈಕ್ ಅವರಿಗೂ ಅನ್ವಯಿಸುತ್ತದೆ. ಮುದ್ರಿಸಿದ ನಕ್ಷೆ, ವರದಿಯ ಚಿತ್ರ ಮುಂತಾದವಕ್ಕೆ ಮೂಲವನ್ನು ಹೆಸರಿಸಿದರೆ ಸಾಕು.

ವಕೀಲರೊಬ್ಬರು: ಪತ್ರದ ಒಕ್ಕಣೆಗಿಂತ ಮುಂಚಿನ ಪ್ರಶ್ನೆಯೊಂದನ್ನು ಯಾರೂ ಕೇಳಲಿಲ್ಲ. ಚಿತ್ರಗಳನ್ನು 'ಬೇರೊಬ್ಬ ಗ್ರಾಹಕರಿಗಾಗಿ' ತೆಗೆದದ್ದು ಎಂದು ನೀವೇ ಬರೆದಿದ್ದೀರಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಒಡೆಯರು, ಬೇರೆ ಒಪ್ಪಂದವಿಲ್ಲದಿದ್ದರೆ, ಅದನ್ನು ತೆಗೆಸಿದವರು. ಹಾಗಿದ್ದಲ್ಲಿ ಡ್ರೋನ್ ಹಾರಿಸಿದ ಕಂಪನಿ ತನ್ನದಲ್ಲದ ಹಕ್ಕನ್ನು ನಿಮಗೆ ಕೊಡಹೊರಟಿರಬಹುದು. ಗ್ರಾಹಕರೊಂದಿಗಿನ ಒಪ್ಪಂದದಲ್ಲಿ ಹಕ್ಕು ಯಾರದೆಂದು ಬರೆದಿದೆ ಎಂದು ಕೇಳಿ. ಉತ್ತರ ತಡವರಿಸಿದರೆ ಗ್ರಾಹಕರಿಂದಲೂ ಲಿಖಿತ ಒಪ್ಪಿಗೆ ಪಡೆಯಿರಿ. ಅದೇ ಕಾಯ್ದೆಯಂತೆ ಪರವಾನಗಿ ಲಿಖಿತವಾಗಿಯೇ ಇರಬೇಕು, ಫೋನಿನಲ್ಲಿ 'ಆಯಿತು ಬಳಸಿಕೊಳ್ಳಿ' ಎಂದರೆ ಆಗದು.

ಗೆರೆ ಎಳೆಯುವುದು ನಕಲು ಆಗುತ್ತದೆಯೇ ಎಂಬ ಚರ್ಚೆ ಇಲ್ಲಿ ಬೇಡ. ಕಾಲುವೆ ಎಲ್ಲಿ ಹರಿಯುತ್ತದೆ ಎಂಬ ಸಂಗತಿಗೆ ಕೃತಿಸ್ವಾಮ್ಯವಿಲ್ಲ ಎಂದು ವಾದಿಸಬಹುದು, ಆದರೆ ಷರತ್ತಿಗೆ ಸಹಿ ಹಾಕಿ ಚಿತ್ರ ಪಡೆದವರನ್ನು ಆ ಒಪ್ಪಂದ ಹೇಗೂ ಕಟ್ಟಿಹಾಕುತ್ತದೆ.

ಜೊತೆಗೆ 2021ರ ಫೆಬ್ರವರಿಯ ಭೂಪ್ರಾದೇಶಿಕ ದತ್ತಾಂಶ ಮಾರ್ಗಸೂಚಿಯನ್ನು ಓದಿಕೊಳ್ಳಿ. ಅಡ್ಡಳತೆಯಲ್ಲಿ 1 ಮೀಟರ್, ಎತ್ತರದಲ್ಲಿ 3 ಮೀಟರ್‌ಗಿಂತ ನಿಖರವಾದ ದತ್ತಾಂಶವನ್ನು ಭಾರತೀಯ ಸಂಸ್ಥೆಗಳು ಮಾತ್ರ ಸೃಷ್ಟಿಸಿ ಭಾರತದಲ್ಲೇ ಇಡಬೇಕೆಂದು ಅದು ಹೇಳುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮುಖ್ಯ ಸರ್ವರ್‌ಗಳಿರುವುದು ಯುರೋಪಿನಲ್ಲಿ. ಕಚ್ಚಾ ಚಿತ್ರಗಳನ್ನಾಗಲಿ, ನೆಲದ ಎತ್ತರ ತೋರಿಸುವ ಮಾದರಿಯನ್ನಾಗಲಿ ಹೊರದೇಶದ ಸರ್ವರ್‌ಗೆ ಏರಿಸದೆ ಇಲ್ಲೇ ಇಟ್ಟುಕೊಳ್ಳುವುದು ಕ್ಷೇಮ.

ಬೆಂಗಳೂರಿನವರೇ ಮತ್ತೆ: ಒಪ್ಪಂದದ ಪ್ರಶ್ನೆಗೆ ಧನ್ಯವಾದ, ಅದನ್ನೇ ಮೊದಲು ಮಾಡಿ. ಪತ್ರ ಕೈಸೇರಿದ ಮೇಲೆ ಅದರ ಪ್ರತಿಯನ್ನು ಯೋಜನೆಯ ವಿಕಿಯಲ್ಲಿ ಏರಿಸಿ, ಪ್ರತಿ ಚೇಂಜ್‌ಸೆಟ್‌ನ (ಒಮ್ಮೆಗೆ ಏರಿಸುವ ತಿದ್ದುಪಡಿಗಳ ಗುಂಪಿನ) ಸೋರ್ಸ್ ಟ್ಯಾಗ್‌ನಲ್ಲಿ, ಅಂದರೆ ಮೂಲ ತಿಳಿಸುವ ಜಾಗದಲ್ಲಿ, ಚಿತ್ರದ ಹೆಸರು ಮತ್ತು ತೆಗೆದ ತಿಂಗಳನ್ನು ನಮೂದಿಸಿ. ಮುಂದೆಂದಾದರೂ ತಕರಾರು ಬಂದರೆ ಆ ಚಿತ್ರದಿಂದ ಬಂದದ್ದು ಯಾವುದು, ಬಿಂಗ್‌ನಿಂದ ಬಂದದ್ದು ಯಾವುದು ಎಂದು ಬೇರ್ಪಡಿಸಲು ಆ ಟ್ಯಾಗ್ ಬಿಟ್ಟರೆ ಬೇರೆ ದಾರಿಯಿಲ್ಲ.