ಸಹಾಯ ಬೇಕು: ಭೂಮಿನ ಓಡೂವಾಗ ನಕ್ಷತ್ರದ ಸಣ್ಣ ಅಲುಗಾಟ ಹೆಂಗ ಅಳೀತಾರ?

ಎಲ್ಲಾರಿಗೂ ನಮಸ್ಕಾರ್ರಿ. ನಾ ಜಮಖಂಡಿ ಕಡೆ ಹೈಸ್ಕೂಲ್‌ನ್ಯಾಗ ವಿಜ್ಞಾನ ಕಲಸ್ತೀನಿ. ಹಳೇ ಸಿಡಿ ತುಂಡು, ಊದಿನಕಡ್ಡಿ ಡಬ್ಬಿ ತಗೊಂಡು, ಬ್ಲೇಡಿನ್ಲೆ ಸಣ್ಣ ಸೀಳು ಮಾಡಿ ಹುಡುಗ್ರ ಕೂಡ ಸ್ಪೆಕ್ಟ್ರೋಸ್ಕೋಪ್ (ಬೆಳಕಿನ ಬಣ್ಣ ಬಿಡಿಸಿ ತೋರ್ಸೂ ಸಾಧನ) ಮಾಡಿದ್ವಿ, ಸಿಎಫ್ಎಲ್ ಬಲ್ಬಿಗೆ ಹಿಡದ್ರ ಪಾದರಸದ ಹಸರ ಗೆರಿ ಎಷ್ಟ್ ಚಂದ ಕಂಡ್ತ್ರಿ! ನಕ್ಷತ್ರ ದೂರ ಹೊಂಟ್ರ ಅದರ ಬೆಳಕಿನ್ಯಾಗಿನ ಗೆರಿ ಕೆಂಪಿನ ಕಡೆ, ಹತ್ರ ಬಂದ್ರ ನೀಲಿ ಕಡೆ ಸರೀತಾವ ಅನ್ನೂದನ್ನೂ ಹೇಳೇನಿ.

ಆಮ್ಯಾಲ 1995ರಾಗ ಮೇಯರ್, ಕ್ವೆಲೊ ಅನ್ನೂ ಇಬ್ರು ಖಗೋಳ ವಿಜ್ಞಾನಿಗಳು 51 ಪೆಗಾಸಿ ಅನ್ನೂ ನಕ್ಷತ್ರದ ಸುತ್ತ ಗ್ರಹ ಹಿಡದದ್ದು ಹೇಳಿದೆ, ಗ್ರಹದ ಎಳೆತಕ್ಕ ಆ ನಕ್ಷತ್ರ 4.2 ದಿನಕ್ಕೊಮ್ಮೆ ಸೆಕೆಂಡಿಗೆ ಬರೇ 56 ಮೀಟರ್ ವೇಗದಾಗ ಹಿಂದ ಮುಂದ ಆಗತೈತಿ. ಆಗ ಒಂಬತ್ತನೇತ್ತಿ ಹುಡುಗಿ "ಸರ್, ಭೂಮಿನ ಸೆಕೆಂಡಿಗೆ 30 ಕಿಲೋಮೀಟರ್ ಓಡತೈತಲ್ರಿ, ಅದರಾಗ ಇದು ಮುಚ್ಚಿ ಹೋಗಂಗಿಲ್ಲೇನ್ರಿ?" ಅಂದ್ಲು. ಲೆಕ್ಕ ಹಾಕಿದ್ರ, ಹೈಡ್ರೋಜನ್‌ನ 656.3 ನ್ಯಾನೋಮೀಟರ್ ಗೆರಿ ಭೂಮಿ ಓಟಕ್ಕ 0.066 ನ್ಯಾನೋಮೀಟರ್ ತನಕ ಸರೀಬಹುದು, ನಕ್ಷತ್ರದ ಅಲುಗಾಟಕ್ಕ 0.00012 ಅಷ್ಟ!

ಪುಸ್ತಕ ನೋಡೇನಿ, ವಿಡಿಯೋ ನೋಡೇನಿ, ಎಲ್ಲಾ ಕಡೆ ಭೂಮಿ ವೇಗ ಕಳೀತಾರ ಅಂತ ಒಂದ ಮಾತು. ಕಳಿಯೂದು ತಿಳೀತ್ರಿ, ಇಷ್ಟ್ ಸಣ್ಣದು ಅಳಿಯೂದು ತಿಳೀವಲ್ದು. ಒಂದ ಗೆರಿ ನೋಡ್ತಾರೋ, ಸಾವಿರಾರು ಗೆರಿ ಕೂಡಿಸಿ ಸರಾಸರಿ ತಗೀತಾರೋ? ಹುಡುಗ್ರಿಗೆ ತಿಳಿಯೂ ಹಂಗ ಯಾರರ ಹೇಳ್ರಿ.